ಮಗುವಿನ ಅನ್ನದ ಹಣ ಯಾರ ಆದಾಯ?



ತೊಗರಿಯ ರಾಶಿ ಮುಗಿಯುತ್ತ ಬಂದ ದಿನಗಳವು. ಆಪ್ತರೊಬ್ಬರ ಮನೆಯ ಮಂಗಲ ಕಾರ್ಯದ ನಿಮಿತ್ತ ನಾವು ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯ ಕಡೆಗೆ ಹೋಗಿದ್ದೆವು. ಊಟವಾದ ಮೇಲೆ ಹಿರಿಯರೆಲ್ಲ ಪಡಸಾಲೆಯಲ್ಲಿ ಕುಳಿತು ಮಾತಿಗೆ ತೊಡಗಿದಾಗ, ಹೆಣ್ಣುಮಗಳೊಬ್ಬಳು ಒಂದು ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಳು. ಅವಳು ಆ ಮನೆಯವರ ದೂರದ ಸಂಬಂಧಿ. ಸೇಡಂನಲ್ಲಿ ಸಣ್ಣ ಬಾಡಿಗೆ ಮನೆ ಹಿಡಿದು, ಹೊಲಿಗೆಯ ಕೆಲಸ ಮಾಡಿಕೊಂಡು, ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ಗಂಡನನ್ನು ಅಗಲಿ ನಾಲ್ಕು ವರ್ಷಗಳಾದವು. ಚೀಲದಲ್ಲಿ ನ್ಯಾಯಾಲಯದ ಆದೇಶದ ಪ್ರತಿ, ಒಂದು ಪಾಸ್‌ಬುಕ್ಕು ಮತ್ತು ಪಡಿತರ ಚೀಟಿಗೆ ಹಾಕಿದ ಅರ್ಜಿಯ ರಸೀದಿ ಇದ್ದವು.

“ಕಾಕಾರ, ಕೋರ್ಟಿನ ಕಾಗದದಾಗ ತಿಂಗಳಿಗೆ ಆರು ಸಾವಿರ ಅಂತ ಬರದಾರ. ನನ್ನ ಕೈಗೆ ಬಂದದ್ದು ವರ್ಷದಾಗ ಮೂರೇ ಸಲ. ಆಫೀಸಿನ್ಯಾಗ ಮಾತ್ರ ಹನ್ನೆರಡು ಸಲ ಬಂದಂಗ ಲೆಕ್ಕ ಹಿಡದಾರ. ಕಾಗದದ ಮ್ಯಾಲಿನ ರೊಕ್ಕದಾಗ ಒಲಿ ಹತ್ತತದೇನ್ರಿ?” ಎಂದು ಆಕೆ ಕೇಳಿದಳು.

ಆ ಪ್ರಶ್ನೆಗೆ ಕೂಡಲೇ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಊರಿಗೆ ಮರಳಿದ ಮೇಲೆ ಕಾನೂನು ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ತಿರುವಿ ನೋಡಿದೆವು. ಈ ತೊಡಕು ಅವಳೊಬ್ಬಳದಲ್ಲ. ಸಂಸಾರ ಮುರಿದು ಮಕ್ಕಳೊಡನೆ ಬೇರೆ ಬದುಕುವ ಅನೇಕ ತಾಯಂದಿರದು. ಆದುದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ಅವಳ ಲೆಕ್ಕವನ್ನೇ ನೋಡೋಣ. ಹೊಲಿಗೆಯಿಂದ ತಿಂಗಳಿಗೆ ಸುಮಾರು 5,000 ರೂಪಾಯಿ, ವರ್ಷಕ್ಕೆ 60,000. ಆದೇಶದಂತೆ ಜೀವನಾಂಶ ತಿಂಗಳಿಗೆ 6,000, ವರ್ಷಕ್ಕೆ 72,000. ಎರಡೂ ಕೂಡಿದರೆ 1,32,000. ಕರ್ನಾಟಕದಲ್ಲಿ ಬಡತನ ರೇಖೆಗಿಂತ ಕೆಳಗಿನವರೆಂಬ ಪಡಿತರ ಚೀಟಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1,20,000. ಹೀಗೆ ಆಕೆ ಮಿತಿಯನ್ನು ಹನ್ನೆರಡು ಸಾವಿರದಿಂದ ದಾಟಿದವಳಾದಳು. ಆದರೆ ಆ ವರ್ಷ ಪಾಸ್‌ಬುಕ್ಕಿಗೆ ಬಂದ ಜೀವನಾಂಶ ಮೂರು ಕಂತು, ಅಂದರೆ 18,000 ಮಾತ್ರ. ನಿಜವಾಗಿ ಆ ಮನೆಗೆ ಬಂದದ್ದು 78,000 ರೂಪಾಯಿ. ಇನ್ನುಳಿದ 54,000 ರೂಪಾಯಿ ಆದೇಶದ ಹಾಳೆಯ ಮೇಲಿದೆಯೇ ಹೊರತು ಮನೆಯ ಡಬ್ಬಿಯಲ್ಲಿಲ್ಲ. ಇಲ್ಲದ ಆ ಹಣವೇ ಇರುವ ಅಕ್ಕಿಗೆ ಅಡ್ಡ ಬಂದಿದೆ.

ಪಡಿತರ ಚೀಟಿಯೆಂದರೆ ಅಕ್ಕಿ ಮಾತ್ರವಲ್ಲ ಎಂಬುದನ್ನು ಓದುಗರು ಬಲ್ಲರು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ; ಆ ಮಿತಿಯ ಮೇಲಿನವರಿಗೆ ದೊರೆಯುವುದು ಚಿಕಿತ್ಸಾ ದರದ ಶೇಕಡಾ 30ರಷ್ಟು ನೆರವು ಮಾತ್ರ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯೂ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಯಾರೆಂದು ಬರೆದಿದೆಯೋ ಅವಳಿಗೇ ಸಲ್ಲುವಂಥದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಮನೆಯ ಹದಿನೆಂಟು ತುಂಬಿದ ಹೆಣ್ಣುಮಕ್ಕಳಲ್ಲಿ ಹಿರಿಯಳೇ ಯಜಮಾನಿ. ಗಂಡನ ಮನೆಯ ಚೀಟಿಯಲ್ಲಿ ಅತ್ತೆ ಯಜಮಾನಿ, ತವರಿನ ಚೀಟಿಯಲ್ಲಿ ತಾಯಿ ಯಜಮಾನಿ. ನಡುವೆ ಅಗಲಿ ಬಂದ ಮಗಳಿಗೆ ತನ್ನದೆಂಬ ಚೀಟಿ ಇಲ್ಲದಿದ್ದರೆ ಅವಳು ಯಾವ ಮನೆಯ ಯಜಮಾನಿಯೂ ಅಲ್ಲ. ಇದಲ್ಲದೆ ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೆ ಜಿ.ಎಸ್.ಟಿ. ಲೆಕ್ಕಪತ್ರ ಸಲ್ಲಿಸುವವರಾಗಿದ್ದರೆ, ಆ ಯೋಜನೆ ಅನ್ವಯಿಸುವುದಿಲ್ಲ. ವಿಚ್ಛೇದನವಾಗದೆ ಬರಿದೆ ಅಗಲಿರುವ ಹೆಣ್ಣುಮಗಳಿಗೆ, ತನ್ನ ಕಡೆ ತಿರುಗಿಯೂ ನೋಡದ ಪತಿಯ ತೆರಿಗೆ ಈ ನಿಯಮದ ಮಾತಿನಲ್ಲಿ ಅಡ್ಡಿಯಾಗಿ ನಿಲ್ಲುತ್ತದೆ.

ಆದಾಯವನ್ನು ಕೇಳುವ ಎರಡನೆಯ ಬಾಗಿಲು ತಹಸೀಲದಾರರ ಆದಾಯ ಪ್ರಮಾಣ ಪತ್ರ. ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲು, ಶುಲ್ಕದ ರಿಯಾಯಿತಿ, ನಮ್ಮ ಸಮಾಜದ ಹೆಚ್ಚಿನವರು ಬರುವ ಪ್ರವರ್ಗ 3ಬಿ ಮೀಸಲಾತಿಗೆ ಬೇಕಾದ ನಮೂನೆ ಎಫ್ ಪತ್ರ, ಇವೆಲ್ಲವುಗಳಲ್ಲಿ ಆದಾಯದ ಅಂಕಿ ಇರಲೇಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮದ ಅಧಿಕಾರಿಯೂ ಕಂದಾಯ ನಿರೀಕ್ಷಕರೂ ವಿಚಾರಿಸಿ ವರದಿ ಮಾಡುತ್ತಾರೆ; ಅದರ ಮೇಲೆ ಪತ್ರ ಹೊರಡುತ್ತದೆ. ಒಮ್ಮೆ ಕೊಟ್ಟ ಆದಾಯ ಪತ್ರ ಐದು ವರ್ಷ ಊರ್ಜಿತ. ಅಂದರೆ ವಿಚಾರಣೆಯ ದಿನ ತಪ್ಪಾಗಿ ಬರೆಸಿದ ಅಂಕಿ, ಏಳನೆಯ ಇಯತ್ತೆಯ ಹುಡುಗಿಯನ್ನು ಪಿ.ಯು.ಸಿ.ಯ ಬಾಗಿಲವರೆಗೆ ಬೆನ್ನಟ್ಟಬಹುದು. ವಿಚಾರಣೆಗೆ ಬಂದವರೆದುರು ಬಾಯಿಲೆಕ್ಕ ಹೇಳಿ ಕೈತೊಳೆದುಕೊಳ್ಳದೆ ಕಾಗದಗಳನ್ನು ಮುಂದಿಡಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಮೂರನೆಯ ಬಾಗಿಲು ಆದಾಯ ತೆರಿಗೆಯದು. ಅದರ ಮಾತನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮುನ್ನ, ಈ ಜೀವನಾಂಶವೆಂಬುದು ಯಾರ ಹಣ ಎಂಬುದು ತಿಳಿಯಾಗಬೇಕು.

1955ರ ಹಿಂದೂ ವಿವಾಹ ಕಾಯ್ದೆಯ ಎರಡನೆಯ ಕಲಮಿನಲ್ಲಿಯೇ ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿ ಬಂದಿವೆ. ಆದುದರಿಂದ ನಮ್ಮ ಮನೆಗಳಿಗೂ ಆ ಕಾಯ್ದೆಯೂ, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೂ ಅನ್ವಯಿಸುತ್ತವೆ. ಎರಡನೆಯದರ 20ನೆಯ ಕಲಮಿನಂತೆ ಅಪ್ರಾಪ್ತ ಮಕ್ಕಳನ್ನು ಸಾಕುವ ಹೊಣೆ ತಂದೆ ತಾಯಿ ಇಬ್ಬರದೂ ಹೌದು. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಅವಿವಾಹಿತ ಮಗಳಿಗೆ ಹದಿನೆಂಟು ತುಂಬಿದ ಮೇಲೂ ಈ ಹಕ್ಕು ಇದೆ. ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಅಭಿಲಾಷಾ ಪ್ರಕರಣದಲ್ಲಿ ಈ ಮಾತನ್ನು ದೃಢಪಡಿಸಿದೆ. ಇವುಗಳಲ್ಲದೆ ಎಲ್ಲ ಧರ್ಮದವರಿಗೂ ಸಮಾನವಾದ, ಬಡವರಿಗೆ ಹತ್ತಿರದ ದಾರಿಯೊಂದಿದೆ. ಅದು ಹಿಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ ಅದರ ಸ್ಥಾನದಲ್ಲಿದೆ. ಹೆಂಡತಿ ತಾನು ವಾಸಿಸುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಗಂಡನಿರುವ ಊರಿಗೆ ಅಲೆಯಬೇಕಿಲ್ಲ. ಹಿಂದೊಮ್ಮೆ ಈ ಕಲಮಿನಡಿ ತಿಂಗಳಿಗೆ 500 ರೂಪಾಯಿ ಮೀರಿ ಕೊಡಿಸುವಂತಿರಲಿಲ್ಲ. 2001ರ ತಿದ್ದುಪಡಿ ಆ ಕಟ್ಟನ್ನು ಬಿಚ್ಚಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಕಾನೂನು ಹೆಂಡತಿಯ ಹಕ್ಕನ್ನೂ ಮಗುವಿನ ಹಕ್ಕನ್ನೂ ಬೇರೆ ಬೇರೆಯಾಗಿಯೇ ಹೇಳಿದೆ. ತಾಯಿ ಮಗುವಿನ ಪರವಾಗಿ ಹಣವನ್ನು ಕೈಯಲ್ಲಿ ಹಿಡಿಯುತ್ತಾಳೆಯೇ ಹೊರತು ಅದು ಅವಳ ಗಳಿಕೆಯಲ್ಲ. ಹೀಗಾಗಿಯೇ, ಹಿರಿಯರ ಪಂಚಾಯಿತಿಯಲ್ಲಿ “ಇಷ್ಟು ಹಣ ಪಡೆದೆನು, ಇನ್ನು ಮಕ್ಕಳ ವಿಷಯದಲ್ಲಿ ಏನೂ ಕೇಳುವುದಿಲ್ಲ” ಎಂದು ತಾಯಿ ಬಾಂಡ್ ಕಾಗದದ ಮೇಲೆ ಬರೆದುಕೊಟ್ಟರೂ ಮಗುವಿನ ಹಕ್ಕು ಅದರಿಂದ ತೀರುವುದಿಲ್ಲ. ತನ್ನದಲ್ಲದುದನ್ನು ಬಿಟ್ಟುಕೊಡುವ ಅಧಿಕಾರ ಆಕೆಗಿಲ್ಲ.

ನಮಗೆ ತೋರಿಸಿದ ಆದೇಶದಲ್ಲಿ “ಅರ್ಜಿದಾರರಿಗೆ ಒಟ್ಟು 6,000 ರೂಪಾಯಿ” ಎಂದಿತ್ತು. ತಾಯಿಗೆಷ್ಟು, ಮಗಳಿಗೆಷ್ಟು, ಮಗನಿಗೆಷ್ಟು ಎಂಬ ವಿಂಗಡಣೆ ಇರಲಿಲ್ಲ. ಅರ್ಜಿ ಬರೆಯುವಾಗಲೇ ಹಾಗೆ ಕೇಳಿರಲಿಲ್ಲ. ಸಣ್ಣ ವಿಷಯವೆಂದು ಕಾಣುವ ಈ ಲೋಪ ಮುಂದೆ ಎಲ್ಲೆಲ್ಲಿಯೂ ತೊಡಕಾಗುತ್ತದೆ. ವಿಂಗಡಣೆಯಿಲ್ಲದ ಮೊತ್ತವೆಲ್ಲವೂ ನೋಡುವವರ ಕಣ್ಣಿಗೆ ತಾಯಿಯ ಆದಾಯವಾಗಿಯೇ ಕಾಣುವುದು ಸಹಜ.

ಈಗ ತೆರಿಗೆಯ ಮಾತಿಗೆ ಬರೋಣ. ಹೊಲಿಗೆಯ ತಾಯಿಗೆ ತೆರಿಗೆಯ ಗೊಡವೆಯಿಲ್ಲ. ಆದರೆ ವಾಡಿ, ಶಹಾಬಾದ, ಸೇಡಂಗಳ ಶಾಲೆ, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇದೆ. ಮುಂಬಯಿ ಹೈಕೋರ್ಟು 1983ರಲ್ಲಿ, ಪ್ರತಾಪಗಢದ ರಾಜಕುಮಾರಿ ಮಹೇಶ್ವರಿ ದೇವಿಯವರ ಪ್ರಕರಣದಲ್ಲಿ, ವಿಚ್ಛೇದನದ ನಂತರ ಪತ್ನಿಗೆ ತಿಂಗಳು ತಿಂಗಳು ಬರುವ ಜೀವನಾಂಶ ಆದಾಯವೆಂದೂ, ಒಂದೇ ಗಂಟಾಗಿ ಬಂದ ಮೊತ್ತ ಬಂಡವಾಳದ ಸ್ವರೂಪದ್ದೆಂದೂ ತೀರ್ಮಾನಿಸಿತು. ಆದರೆ ತಂದೆ ತನ್ನ ಮಗುವಿಗೆ ಕೊಡುವ ಹಣದ ಮಾತು ಬೇರೆ. ತೆರಿಗೆ ಕಾಯ್ದೆಯ ವ್ಯಾಖ್ಯೆಯಲ್ಲಿ ತಂದೆ ಮಗುವಿನ ‘ಸಂಬಂಧಿ’; ಸಂಬಂಧಿಯಿಂದ ಬಂದ ಹಣಕ್ಕೆ ಕಾಣಿಕೆಯ ತೆರಿಗೆ ತಗಲುವುದಿಲ್ಲ. ಆದೇಶದಲ್ಲಿ ಮಗುವಿನ ಪಾಲು ಬೇರೆಯಾಗಿದ್ದರೆ ಮಾತ್ರ ಈ ವ್ಯತ್ಯಾಸವನ್ನು ತೋರಿಸಿಕೊಡಲು ಸಾಧ್ಯ.

ಇದರಿಂದಾಗುವ ಪರಿಣಾಮವನ್ನು ಒಂದು ಉದಾಹರಣೆಯಿಂದ ಹೇಳುತ್ತೇವೆ. 2025-26ರ ಹಣಕಾಸು ವರ್ಷದಲ್ಲಿ ಹೊಸ ತೆರಿಗೆ ಪದ್ಧತಿಯಂತೆ ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ 60,000 ರೂಪಾಯಿಗಳವರೆಗಿನ ರಿಯಾಯಿತಿ ದೊರೆತು, ಕಟ್ಟಬೇಕಾದ ತೆರಿಗೆ ಸೊನ್ನೆಯಾಗುತ್ತದೆ. ವಿಚ್ಛೇದನ ಪಡೆದ ಒಬ್ಬ ಉದ್ಯೋಗಸ್ಥ ತಾಯಿಯ ಆದಾಯ ಎಲ್ಲ ಕಡಿತಗಳಾದ ಮೇಲೆ 11,40,000 ಇದೆಯೆನ್ನಿ. ತನಗೂ ಮಗುವಿಗೂ ಸೇರಿ ತಿಂಗಳಿಗೆ 10,000 ಜೀವನಾಂಶ ಬರುತ್ತದೆ. ಅಷ್ಟನ್ನೂ ಅವಳ ಆದಾಯವೆಂದು ಹಿಡಿದರೆ ಮೊತ್ತ 12,60,000 ಆಗಿ ರಿಯಾಯಿತಿಯ ಗೆರೆ ದಾಟುತ್ತದೆ. ದರಗಳಂತೆ 69,000 ತೆರಿಗೆ ಬರುವುದಾದರೂ, ಗೆರೆ ದಾಟಿದ ಹಣಕ್ಕಿಂತ ತೆರಿಗೆ ಹೆಚ್ಚಾಗಬಾರದೆಂಬ ನಿಯಮದಿಂದ ಅದು 60,000ಕ್ಕೆ ಇಳಿಯುತ್ತದೆ; ಶೇಕಡಾ 4ರ ಉಪಕರ ಸೇರಿ 62,400. ಅಂದರೆ ವರ್ಷಕ್ಕೆ ಬಂದ 1,20,000ದಲ್ಲಿ ಅರ್ಧಕ್ಕಿಂತ ಹೆಚ್ಚು ಬೊಕ್ಕಸಕ್ಕೆ. ಅದೇ ಆದೇಶದಲ್ಲಿ ಮಗುವಿಗೆ 6,000, ತಾಯಿಗೆ 4,000 ಎಂದು ಬರೆದಿದ್ದರೆ ಅವಳ ಆದಾಯಕ್ಕೆ ಕೂಡುವುದು 48,000 ಮಾತ್ರ, ಮೊತ್ತ 11,88,000, ತೆರಿಗೆ ಸೊನ್ನೆ. ಒಂದು ಸಾಲಿನ ಬರವಣಿಗೆಯ ಬೆಲೆ ಇಷ್ಟು. ಹಣ ಕೊಡುವ ತಂದೆಗಾದರೂ ಈ ಹಣದ ಮೇಲೆ ಪ್ರತ್ಯೇಕ ವಿನಾಯಿತಿಯೇನೂ ಇಲ್ಲ. ತನ್ನ ಆದಾಯಕ್ಕೆ ತೆರಿಗೆ ಕಟ್ಟಿದ ಮೇಲೆ ಉಳಿದುದರಲ್ಲಿಯೇ ಕೊಡಬೇಕು.

ಇನ್ನೊಂದು ಸೂಕ್ಷ್ಮ. ಮಗುವಿನ ಪಾಲಿನ ಹಣವನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಟ್ಟರೆ ಅದರ ಬಡ್ಡಿ ಆದಾಯವೇ. ಅಪ್ರಾಪ್ತರ ಇಂಥ ಆದಾಯವನ್ನು ತಂದೆ ತಾಯಿಗಳಲ್ಲಿ ಹೆಚ್ಚು ಗಳಿಸುವವರ ಆದಾಯಕ್ಕೆ ಸೇರಿಸುವುದು ಸಾಮಾನ್ಯ ನಿಯಮ. ವಿವಾಹ ಊರ್ಜಿತವಿಲ್ಲದಿದ್ದರೆ ಮಗುವನ್ನು ಸಾಕುವವರ ಆದಾಯಕ್ಕೆ ಸೇರುತ್ತದೆ. 1961ರ ಕಾಯ್ದೆಯಲ್ಲಿದ್ದ ಈ ತತ್ತ್ವ, 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪುಗೊಂಡ 2025ರ ಹೊಸ ಕಾಯ್ದೆಯಲ್ಲಿಯೂ ಮುಂದುವರಿದಿದೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆ ತೆರೆದರೆ ಅದರ ಬಡ್ಡಿಗೆ ತೆರಿಗೆಯಿಲ್ಲ. ಆದರೆ ಆ ಹಣ ಬಹುಕಾಲ ಕಟ್ಟಿಬಿದ್ದಿರುತ್ತದೆ. ದಿನದ ಅನ್ನಕ್ಕೆ ಬೇಕಾದುದನ್ನು ಅಲ್ಲಿಡುವುದು ಸಲ್ಲದು.

ನಮ್ಮ ಭಾಗದ ಮಕ್ಕಳೂ ಈಗ ಹೊರದೇಶಗಳಲ್ಲಿ ಸಂಸಾರ ಹೂಡಿದ್ದಾರೆ; ಅಲ್ಲಿಯೂ ಸಂಸಾರಗಳು ಮುರಿಯುತ್ತವೆ. ಆ ದೇಶಗಳು ಇದೇ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿವೆ ಎಂಬುದು ಅಂಥ ಮನೆಗಳಿಗೂ ನಮಗೂ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ 2003ರಿಂದ 2025ರ ಏಪ್ರಿಲ್‌ವರೆಗೆ ಕಡಿಮೆ ಆದಾಯದ ಕುಟುಂಬಗಳಿಗೆ ತೆರಿಗೆ ಜಮೆ ಎಂಬ ನೆರವಿತ್ತು. ಅದರ ಲೆಕ್ಕದಲ್ಲಿ ಮಗುವಿನ ಜೀವನಾಂಶವನ್ನು ತಾಯಿಯ ಆದಾಯವೆಂದು ಹಿಡಿಯುತ್ತಿರಲಿಲ್ಲ. ಅದರ ಬದಲು ಬಂದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿಯೂ ಹಿಡಿಯುವುದಿಲ್ಲ. ನಿರುದ್ಯೋಗಿ ತಾಯಂದಿರ ಸಹಾಯಧನದಲ್ಲಿ ಮಾತ್ರ ಮೊದಲು ಈ ಹಣವನ್ನು ಮುರಿದುಕೊಳ್ಳುವ ಪದ್ಧತಿಯಿತ್ತು. 2010ರ ಏಪ್ರಿಲ್‌ನಿಂದ ಅದನ್ನೂ ಪೂರ್ತಿಯಾಗಿ ಕೈಬಿಟ್ಟರು. ಅಮೆರಿಕದಲ್ಲಿ 1975ರಿಂದ ನಡೆದು ಬಂದಿರುವ, ದುಡಿಯುವ ಬಡವರ ತೆರಿಗೆ ಜಮೆಯ ಲೆಕ್ಕದಲ್ಲಿಯೂ ಮಗುವಿನ ಜೀವನಾಂಶ ಸೇರುವುದಿಲ್ಲ. ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಮಗು ಯಾರ ಮನೆಯಲ್ಲಿರುತ್ತದೆಯೋ ಅವರಿಗೆ ಈ ಜಮೆ. ಮಗುವಿಗಾಗಿ ಕೊಡುವ ಇನ್ನೊಂದು ತೆರಿಗೆ ಜಮೆಯನ್ನು ತಾಯಿ 8332 ಎಂಬ ಸಂಖ್ಯೆಯ ನಮೂನೆಗೆ ಸಹಿ ಮಾಡಿ ತಂದೆಗೆ ಬಿಟ್ಟುಕೊಡಬಹುದು. ದುಡಿಮೆಯ ಜಮೆಯನ್ನು ಮಾತ್ರ ಹಾಗೆ ಬಿಟ್ಟುಕೊಡಲು ಬರುವುದಿಲ್ಲ. ಅಲ್ಲಿರುವ ನಮ್ಮ ಹೆಣ್ಣುಮಕ್ಕಳು ರಾಜಿಯ ಕಾಗದಕ್ಕೆ ಸಹಿ ಹಾಕುವ ಮುನ್ನ ಇದನ್ನು ನೆನಪಿಡುವುದು ಲೇಸು.

ನಮ್ಮಲ್ಲಿಯೂ ಹೀಗೆಯೇ ಆಗಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದ ಆಕ್ಷೇಪವೂ ಹೌದು. ತಂದೆ ಮನೆಯಲ್ಲಿಯೇ ಇದ್ದು ತಿಂಗಳಿಗೆ ಹನ್ನೊಂದು ಸಾವಿರ ತರುವ ಪಕ್ಕದ ಮನೆಯ ಆದಾಯವನ್ನು ಪೂರ್ತಿ ಲೆಕ್ಕ ಹಿಡಿಯುವಾಗ, ಅಗಲಿದ ತಂದೆ ಕಳಿಸಿದ ಹಣವನ್ನು ಏಕೆ ಬಿಡಬೇಕು? ನಾವು ಹೇಳುವುದಿಷ್ಟು. ಪಕ್ಕದ ಮನೆಯ ಹಣ ನಿತ್ಯ ಬರುವಂಥದು; ಕಡಿಮೆ ಬಿದ್ದ ತಿಂಗಳು ತಂದೆಯೂ ಕಡಿಮೆ ಉಂಡು ಸರಿದೂಗಿಸುತ್ತಾನೆ. ಈ ಮನೆಯ ಹಣ ಮತ್ತೊಬ್ಬರ ಮನಸ್ಸಿಗೆ ಕಟ್ಟುಬಿದ್ದಿದೆ. ಇಂದು ಬಂದರೆ ಬಂತು. ಬಂದ ಹಣದಿಂದ ಪಡಿತರ ಹೋಗುವುದಾದರೆ, ತಂದೆ ಕೊಟ್ಟದ್ದು ಮಗುವಿನ ತಟ್ಟೆಗೆ ಸೇರದೆ ಸರ್ಕಾರದ ಉಳಿತಾಯಕ್ಕೆ ಸೇರಿದಂತಾಯಿತು. ಎಲ್ಲಕ್ಕಿಂತ ಮಿಗಿಲಾಗಿ, “ಕೇಸು ಹಾಕಿದರೆ ಕಾರ್ಡು ಹೋಗುತ್ತದೆ” ಎಂಬ ಭಯದಿಂದ ತಾಯಂದಿರು ಕೇಳಬೇಕಾದುದನ್ನೇ ಕೇಳದೆ ಸುಮ್ಮನಾಗುತ್ತಾರೆ. ಹೊಣೆಗೇಡಿ ತಂದೆಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಯಾವುದು? ಪೂರ್ತಿ ಬಿಡಲಾಗದಿದ್ದರೆ ಮಗುವಿನ ಪಾಲನ್ನಾದರೂ ಬಿಡಲಿ. ಅದೂ ಆಗದಿದ್ದರೆ, ಬಂದ ಹಣವನ್ನು ಮಾತ್ರ ಎಣಿಸಲಿ. ಬಾರದ ಹಣವನ್ನು ಆದಾಯವೆನ್ನುವುದು ಯಾವ ಲೆಕ್ಕಕ್ಕೂ ಕೂಡುವ ಮಾತಲ್ಲ.

ನಿಯಮ ಬದಲಾಗುವವರೆಗೆ ತಾಯಂದಿರು ತಾವೇ ಮಾಡಿಕೊಳ್ಳಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಒಂದು: ಜೀವನಾಂಶದ ಅರ್ಜಿಯಲ್ಲಿಯೇ ತನಗಿಷ್ಟು, ಪ್ರತಿಯೊಂದು ಮಗುವಿಗಿಷ್ಟು ಎಂದು ಬೇರೆ ಬೇರೆಯಾಗಿ ಕೇಳಬೇಕು. 2020ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಗಂಡ ಹೆಂಡಿರಿಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣಪೂರ್ವಕವಾಗಿ ಸಲ್ಲಿಸಬೇಕೆಂದೂ, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ ಹೇಳಿದೆ. ತಾನು ಹೊಲಿಗೆಯಿಂದ ನಾಲ್ಕು ಕಾಸು ಗಳಿಸುತ್ತೇನೆಂದು ಹೇಳಿಕೊಂಡರೆ ಕೇಸು ಬಿದ್ದುಹೋದೀತೆಂಬ ಹೆದರಿಕೆ ಬೇಡ. ಹೆಂಡತಿ ಪೂರ್ತಿ ನಿರ್ಗತಿಕಳಾಗಿರಬೇಕೆಂದು ಕಾನೂನು ಬಯಸುವುದಿಲ್ಲವೆಂದು 2007ರ ಚತುರ್ಭುಜ ಪ್ರಕರಣದಲ್ಲಿ ಅದೇ ನ್ಯಾಯಾಲಯ ತಿಳಿಸಿದೆ.

ಎರಡು: ಹಣವನ್ನು ಕೈಯಿಂದ ಕೈಗೆ ಪಡೆಯಬಾರದು, ಬ್ಯಾಂಕು ಖಾತೆಗೇ ಬರಲಿ. ಪಾಸ್‌ಬುಕ್ಕನ್ನು ಮೂರು ತಿಂಗಳಿಗೊಮ್ಮೆ ಮುದ್ರಿಸಿಡಬೇಕು. ಹಣ ಬಂದುದಕ್ಕೆ ಮಾತ್ರವಲ್ಲ, ಬಾರದೆ ಹೋದುದಕ್ಕೂ ಅದೇ ಸಾಕ್ಷಿ.

ಮೂರು: ಬಾಕಿ ಉಳಿದರೆ ಸುಮ್ಮನಿರಬಾರದು. ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಹಾಕದಿದ್ದರೆ ಆ ಬಾಕಿಗೆ ವಾರಂಟು ಹೊರಡುವುದಿಲ್ಲ. ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರಿತೆಂದಲ್ಲ, ಅದು ಹಾಗೆಯೇ ಉಳಿಯುತ್ತದೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿಯೇ ಹೇಳಿದೆ. ವಸೂಲಿಯ ಅರ್ಜಿಯ ಪ್ರತಿ ಇನ್ನೊಂದು ಕೆಲಸಕ್ಕೂ ಬರುತ್ತದೆ: ಹಣ ಬಂದಿಲ್ಲವೆಂಬ ಮಾತು ಸುಳ್ಳಲ್ಲವೆಂದು ಕಚೇರಿಯಲ್ಲಿ ತೋರಿಸಲು ಅದಕ್ಕಿಂತ ಗಟ್ಟಿಯಾದ ಕಾಗದ ಬೇರೆ ಇಲ್ಲ.

ನಾಲ್ಕು: ಆದಾಯ ಪತ್ರಕ್ಕಾಗಲಿ ಪಡಿತರ ಚೀಟಿಗಾಗಲಿ ಅರ್ಜಿ ಕೊಡುವಾಗ ಜೀವನಾಂಶವನ್ನು ಮುಚ್ಚಿಡಬಾರದು. ಮುಚ್ಚಿಟ್ಟದ್ದು ಮುಂದೆ ಬಯಲಾದರೆ ಚೀಟಿಯೂ ಹೋದೀತು, ಮಗುವಿನ ಸೀಟೂ ಹೋದೀತು. ಅದರ ಬದಲು, “ಆದೇಶವಾದದ್ದು ಇಷ್ಟು, ಈ ವರ್ಷ ಬಂದದ್ದು ಇಷ್ಟು, ಇದರಲ್ಲಿ ಮಕ್ಕಳ ಪಾಲು ಇಷ್ಟು” ಎಂದು ಒಂದು ಹಾಳೆಯಲ್ಲಿ ಬರೆದು, ಆದೇಶದ ಮತ್ತು ಪಾಸ್‌ಬುಕ್ಕಿನ ಪ್ರತಿಗಳನ್ನು ಲಗತ್ತಿಸಿ, ಸ್ವೀಕೃತಿ ಪಡೆಯಬೇಕು. ಗಂಟಾಗಿ ಹಣ ಬಂದಿದ್ದರೆ ಅದು ಬಂಡವಾಳವೆಂದೂ ವರ್ಷಕ್ಕೆ ಬರುವ ಬಡ್ಡಿ ಇಷ್ಟೆಂದೂ ಬೇರೆಯಾಗಿ ಬರೆಯಬೇಕು.

ಐದು: ವಕೀಲರ ಫೀಜಿಗೆ ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಸಲ್ಲುತ್ತದೆ. ಅವರಿಗೆ ಆದಾಯದ ಮಿತಿಯೇ ಇಲ್ಲ. ಆದಾಯವೆಷ್ಟೆಂದು ಕೇಳುವ ಇಷ್ಟೆಲ್ಲ ಬಾಗಿಲುಗಳ ನಡುವೆ ಅದನ್ನು ಕೇಳದ ಬಾಗಿಲು ಇದೊಂದೇ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬೇಕು.

ಇನ್ನು ಸಮಾಜದ ಹಿರಿಯರಿಗೆ ಒಂದು ಮಾತು. ಮುರಿದ ಸಂಸಾರಗಳ ವ್ಯಾಜ್ಯ ನಮ್ಮಲ್ಲಿ ಇಂದಿಗೂ ಮೊದಲು ಬರುವುದು ನಿಮ್ಮೆದುರಿಗೇ. ನೀವು ಕೂಡಿ ಕುಳಿತು ಕಾಗದ ಬರೆಸುವಾಗ ಬಂಗಾರ, ಪಾತ್ರೆ, ಮದುವೆಯ ಖರ್ಚುಗಳ ಪಟ್ಟಿ ಉದ್ದವಾಗಿರುತ್ತದೆ. ಮಕ್ಕಳ ಹೆಸರು ಕೊನೆಯ ಸಾಲಿನಲ್ಲಿ ಬಂದರೆ ಬಂತು. ಇನ್ನು ಮುಂದೆ ಮಕ್ಕಳ ಸಾಲನ್ನೇ ಮೊದಲು ಬರೆಸಿರಿ. ಯಾವ ಮಗುವಿಗೆ ಎಷ್ಟು, ಯಾವ ತಾರೀಖಿನಂದು, ಯಾವ ಖಾತೆಗೆ ಎಂಬುದು ಅದರಲ್ಲಿರಲಿ. ಅದನ್ನು ನ್ಯಾಯಾಲಯದ ಮುಂದಿಟ್ಟು ಆದೇಶವಾಗಿ ಮಾಡಿಸಿರಿ. ದುಡಿಯುವ ತಂದೆಗೂ ಇದರಿಂದ ಹಿತವೇ. ತಾನು ಕೊಟ್ಟದ್ದು ಮಗುವಿಗೇ ಮುಟ್ಟಿತೆಂಬ ಸಮಾಧಾನ ಅವನಿಗೂ ಬೇಕಲ್ಲವೆ?

ಚಂದ್ರಂಪಳ್ಳಿಯ ಆ ಪಡಸಾಲೆಯಲ್ಲಿ ಕಂಡ ಮಗಳಿಗೆ ನಾವು ಈ ಎಲ್ಲವನ್ನೂ ಪತ್ರದಲ್ಲಿ ಬರೆದು ತಿಳಿಸಿದೆವು. ಆಕೆ ಪಾಸ್‌ಬುಕ್ಕಿನ ಪ್ರತಿಯೊಡನೆ ಒಂದು ಹಾಳೆಯ ವಿವರಣೆ ಬರೆದು ಮತ್ತೆ ಅರ್ಜಿ ಕೊಟ್ಟಿದ್ದಾಳೆ. ಒಂಬತ್ತು ತಿಂಗಳ ಬಾಕಿಗಾಗಿ ವಸೂಲಿಯ ಅರ್ಜಿಯನ್ನೂ, ಮಕ್ಕಳ ಪಾಲನ್ನು ಬೇರ್ಪಡಿಸಿ ಆದೇಶ ಮಾರ್ಪಡಿಸಬೇಕೆಂಬ ಅರ್ಜಿಯನ್ನೂ ಉಚಿತ ನೆರವಿನ ವಕೀಲರು ಸಿದ್ಧಪಡಿಸುತ್ತಿದ್ದಾರಂತೆ. ಪಡಿತರ ಚೀಟಿಯ ಉತ್ತರ ಈ ಅಂಕಣ ಬರೆಯುವವರೆಗೂ ಬಂದಿಲ್ಲ. ಅವಳ ಮಗಳು ಮಾತ್ರ ಪತ್ರದ ಕೊನೆಯಲ್ಲಿ ದುಂಡಾದ ಅಕ್ಷರಗಳಲ್ಲಿ, “ಅಜ್ಜಾ, ಲೆಕ್ಕದಾಗ ನನಗ ನೂರಕ್ಕ ತೊಂಬತ್ತೆಂಟು ಬಂದಾವ” ಎಂದು ಬರೆದಿದ್ದಾಳೆ. ಆ ಮಗುವಿನ ಲೆಕ್ಕ ಸರಿಯಾಗಿಯೇ ಇದೆ. ದೊಡ್ಡವರ ಲೆಕ್ಕವೂ ಸರಿಯಾಗಲಿ ಎಂದು ಹಾರೈಸುತ್ತೇವೆ.

ಓದುಗರ ಮನೆಗಳಲ್ಲಿ, ನೆರೆಹೊರೆಯಲ್ಲಿ ಇಂಥ ತೊಡಕುಗಳಿದ್ದರೆ ನಮಗೆ ಬರೆಯಿರಿ. ಹೆಸರು ಊರುಗಳನ್ನು ಹೊರಗೆಡಹದೆ, ತಿಳಿದವರನ್ನು ಕೇಳಿ ಉತ್ತರಿಸಲು ಯತ್ನಿಸುತ್ತೇವೆ.